ಗಂಟೆಯ ಜೊತೆ ಬಂದ ಮರ

ಸೋಮವಾರ, 2 ಅಕ್ಟೋಬರ್ 2023

ಈ ಪುಸ್ತಕ ಕೊಟ್ಟದ್ದು ಗಿಡಗಳ ಹೆಸರು ಬರೆಯುವುದಕ್ಕೆ. ಮುಂದಿನ ಹಾಳೆಯಿಂದ ಗಿಡಗಳನ್ನು ಬರೆಯುತ್ತೇನೆ, ಹಿಂದಿನ ಹಾಳೆಯಿಂದ ಮನುಷ್ಯರನ್ನು. ನಡುವೆ ಎಲ್ಲಾದರೂ ಎರಡೂ ಡಿಕ್ಕಿ ಹೊಡೆದರೆ ಆಗ ನೋಡಿಕೊಂಡರಾಯಿತು.

ಕೊಟ್ಟವನು ಇಯೋತಿಯಾ. ರಾಜಧಾನಿ ಇರುವ ದೊಡ್ಡ ದ್ವೀಪ ರಾರೋಟೊಂಗಾದ ಪರಿಸರ ಇಲಾಖೆಯವನು, ಐವತ್ತು ದಾಟಿದ ಗಂಡಸು, ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ. ನಮ್ಮ ದೇಶದ ಹದಿನೈದು ದ್ವೀಪಗಳಲ್ಲಿ ಹೊರಗಿನಿಂದ ಬಂದು ಸೇರಿಕೊಂಡ ಗಿಡ, ಹಕ್ಕಿ, ಹುಳ ಎಲ್ಲದರ ಪಟ್ಟಿ ಮಾಡುತ್ತಿದ್ದಾನೆ. ಏನು ಬಂತು, ಯಾವ ವರ್ಷ ಬಂತು, ಯಾರು ತಂದರು, ಹಾವಳಿ ಎಷ್ಟು. ಹಾವಳಿ ಮಿತಿಮೀರಿದ್ದಕ್ಕೆ ಕೆಂಪು ಚುಕ್ಕಿ. ಕೆಂಪು ಚುಕ್ಕಿ ಬಿತ್ತೆಂದರೆ ಕೊಡಲಿ ಬಿತ್ತೆಂದೇ ಲೆಕ್ಕ.

ಊರಿನ ಹಳೆಯ ಸಂಗತಿ ಯಾರಿಗೆ ಗೊತ್ತು ಅಂತ ಇವನು ಕೇಳಿದ್ದಕ್ಕೆ ಪಾದ್ರಿ ನನ್ನನ್ನು ತೋರಿಸಿದರಂತೆ. ಆಕಾಯ್ತಿ ಮುದುಕಿಗೆ ಎಲ್ಲ ನೆನಪಿದೆ, ಯಾರಿಗೂ ಬೇಡವಾದದ್ದು ಇನ್ನೂ ಚೆನ್ನಾಗಿ ನೆನಪಿದೆ ಅಂದರಂತೆ. ಹೊಗಳಿದ್ದೋ ತೆಗಳಿದ್ದೋ ಭಾನುವಾರ ಕೇಳಬೇಕು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಬಿಟ್ಟೆ ಅನ್ನುವುದಕ್ಕಿಂತ, ಮೇಷ್ಟರ ಕೈ ಕಚ್ಚಿದ್ದಕ್ಕೆ ಬಿಡಿಸಿದರು. ಇಯೋತಿಯಾನಿಗೆ ಇದನ್ನೂ ಹೇಳಿದೆ. ಅಕ್ಷರ ಬರುತ್ತದಲ್ಲ, ಸಾಕು ದೊಡ್ಡಮ್ಮ ಅಂದ. ಅಂದವನು ಕೈ ಮಾತ್ರ ಹಿಂದಕ್ಕೆ ಇಟ್ಟುಕೊಂಡ.

ಬುಧವಾರ, 4 ಅಕ್ಟೋಬರ್

ಬೆಳಿಗ್ಗೆ ಗೊರವಂಕಕ್ಕೆ ಚಪ್ಪಲಿ ಎಸೆದು ದಿನ ಶುರು ಮಾಡಿದೆ. ದಿನವೂ ಎಸೆಯುತ್ತೇನೆ, ದಿನವೂ ತಪ್ಪುತ್ತದೆ. ನಮ್ಮಲ್ಲಿ ಅದಕ್ಕೆ ಸರ್ಕಾರದ ಹಕ್ಕಿ ಅಂತಲೇ ಹೆಸರು. ಹುಳ ತಿನ್ನಲಿ ಅಂತ ಸರ್ಕಾರವೇ ತರಿಸಿ ಬಿಟ್ಟಿತು. ಹುಳ ಹಾಗೇ ಇದೆ. ಇದು ಮಾತ್ರ ನಮ್ಮ ಪಪ್ಪಾಯಿ ತಿಂದು, ನಮ್ಮ ಛಾವಣಿಯ ಮೇಲೆ ಕೂತು, ನಮಗೇ ಬೈಯುತ್ತದೆ.

ಆಮೇಲೆ ಮೇಲಿನ ದಾರಿ ಹಿಡಿದೆವು. ಇಯೋತಿಯಾ ಗಿಡ ತೋರಿಸುತ್ತಾನೆ, ನಾನು ಅದರ ಜಾತಕ ಹೇಳುತ್ತೇನೆ. ವರ್ಷ ಕೇಳಿದರೆ ಈ ಊರಿನಲ್ಲಿ ಯಾರಿಗೂ ಬರುವುದಿಲ್ಲ. ಅದು ಅವನಿಗೂ ಗೊತ್ತು. ಅದಕ್ಕೇ ಅವನ ಚೀಲದಲ್ಲಿ ಚಂಡಮಾರುತಗಳದ್ದೊಂದು ಪಟ್ಟಿ, ಪಾದ್ರಿಗಳದ್ದೊಂದು, ಹಡಗುಗಳದ್ದೊಂದು. ಮುಟ್ಟಿದರೆ ಮುನಿ ಹಂದಿ ಮೇವಿನ ಮೂಟೆಯಲ್ಲಿ ಬಂತು, ಪಾದ್ರಿ ಚರ್ಚಿನ ಛಾವಣಿಯಿಂದ ಬಿದ್ದ ವರ್ಷ ಅಂದರೆ ಸಾಕು, ಹುಡುಕಿ ಇಸವಿ ಹಾಕುತ್ತಾನೆ. ಪಕ್ಕದಲ್ಲಿ 'ಹೇಳಿದವರು: ಆಕಾಯ್ತಿ' ಅಂತ ಬರೆಯುತ್ತಾನೆ. ನನ್ನ ಹೆಸರು ಇಷ್ಟು ಸಲ ಯಾರೂ ಬರೆದದ್ದಿಲ್ಲ.

ಲಂಟಾನದ ಕಥೆಯನ್ನೂ ಹೇಳಿದೆ. ಅದನ್ನು ತಂದವನು ನನ್ನ ಸೋದರಮಾವ, ಅಮ್ಮನ ಅಣ್ಣ. ಹೊಸದಾಗಿ ಬಂದ ಶಿಕ್ಷಕಿಯ ಮುಂದೆ ಮೆರೆಯಲು ರಾರೋಟೊಂಗಾದಿಂದ ಟೋಪಿಯೊಳಗೆ ಕಡ್ಡಿ ಇಟ್ಟುಕೊಂಡು ಬಂದು ಬೇಲಿ ಹಾಕಿದ. ಶಿಕ್ಷಕಿ ಮೂರು ತಿಂಗಳಿಗೆ ಊರು ಬಿಟ್ಟಳು. ಲಂಟಾನ ಬಿಡಲಿಲ್ಲ.

ಎಲ್ಲದಕ್ಕೂ ನನ್ನದು ಒಂದೇ ಮಾತು, ಕಿತ್ತು ಹಾಕು. ಕರೆಯದೆ ಬಂದವರಿಗೆ ಮಣೆ ಹಾಕುವ ಜಾಯಮಾನ ನನ್ನದಲ್ಲ.

ಗುಡ್ಡದ ಅರ್ಧಕ್ಕೇ ಇಯೋತಿಯಾ ಕೂತುಬಿಟ್ಟ. ವಿಚಾರಿಸಿದರೆ, ಇವನ ತಾಯಿ ಮಣಿಹಿಕಿಯವಳಂತೆ. ಅಷ್ಟು ಹೇಳಿದ್ದೇ ತಡ, ನನ್ನ ಬಾಯಿ ಸುಮ್ಮನಿರುತ್ತದೆಯೇ? ಉತ್ತರದ ಮರಳು ದಿಬ್ಬದವರು, ತೆಂಗಿನಕಾಯಿ ಬಿಟ್ಟರೆ ಮೀನು, ಮೀನು ಬಿಟ್ಟರೆ ತೆಂಗಿನಕಾಯಿ, ಅಂಗೈಯಷ್ಟು ಮಣ್ಣು ಕಂಡವರಲ್ಲ, ನಿನಗೆ ಗುಡ್ಡ ಹತ್ತುವುದು ಎಲ್ಲಿಂದ ಬರಬೇಕು ಅಂದೆ. ನಕ್ಕ. ನಗಲಿ. ಆ ಉಸಿರಿನಲ್ಲಿ ನಾಲ್ಕು ಹೆಜ್ಜೆ ಹತ್ತಬಹುದಿತ್ತು.

ಶುಕ್ರವಾರ, 6 ಅಕ್ಟೋಬರ್

ಇವತ್ತು ಜಗಳ. ಅವನ ಪಟ್ಟಿಯಲ್ಲಿ ಮೂರು ಭಾಗ. ಗಾಳಿ, ಅಲೆ, ಹಕ್ಕಿಯ ಹೊಟ್ಟೆಯಲ್ಲಿ ತಾನಾಗಿ ಬಂದದ್ದು ಒಂದು. ನಮ್ಮ ಪೂರ್ವಜರು ದೋಣಿಯಲ್ಲಿ ತಂದದ್ದು ಇನ್ನೊಂದು. ಬಿಳಿಯರ ಹಡಗು ಬಂದ ಮೇಲೆ ಬಂದದ್ದು ಮೂರನೆಯದು. ನಮ್ಮದೆಲ್ಲ ಮೊದಲನೆಯದರಲ್ಲಿ ಇರುತ್ತದೆ ಅಂತ ನಾನು ಆರಾಮವಾಗಿದ್ದೆ. ನೋಡಿದರೆ ಕೆಸು ಎರಡನೆಯದರಲ್ಲಿ, ದೀವಿಹಲಸು ಎರಡನೆಯದರಲ್ಲಿ, ಹಂದಿ, ಕೋಳಿ, ನಾಯಿ ಎಲ್ಲವೂ ಅಲ್ಲೇ.

ಹಾಗಾದರೆ ನಮ್ಮದು ಅಂತ ಇದ್ದದ್ದಾದರೂ ಏನಪ್ಪಾ ಅಂತ ಕೇಳಿದೆ. ಜರೀಗಿಡ, ಏಡಿ, ಬಾವಲಿ ಅಂದ.

ಮಧ್ಯಾಹ್ನ ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನೆಲೆ ಮಾಡಿದ್ದೆ. ತಟ್ಟೆ ಅವನ ಮುಂದೆ ಕುಕ್ಕಿ, ಇದು ಹೊರಗಿನದು, ನಿನಗೆ ಜರೀಗಿಡ ಬೇಯಿಸಿಕೊಡಲೇ ಅಂತ ಕೇಳಿದೆ. ಎರಡು ಸಲ ಹಾಕಿಸಿಕೊಂಡು ತಿಂದ, ನಾಚಿಕೆಗೆಟ್ಟವನು.

ಸೋಮವಾರ, 9 ಅಕ್ಟೋಬರ್

ಅಕ್ಷರ ಸೊಟ್ಟಗೆ ಬೀಳುತ್ತಿದೆ. ಸಿಟ್ಟಿಗೆ. ವಯಸ್ಸಿಗಲ್ಲ.

ತೌತು ಇವತ್ತು ನನ್ನ ಅಂಗಳದಲ್ಲಿ ಹಗ್ಗ ಹಿಡಿದು ಅಳೆಯುತ್ತಿದ್ದ. ಇವನು ಲಂಟಾನ ತಂದ ಸೋದರಮಾವನ ಮಗ. ನಮ್ಮಲ್ಲಿ ಮಾವನ ಮಗನೂ ತಮ್ಮನೇ. ಹುಟ್ಟಿದ್ದು, ಬೆಳೆದದ್ದು, ಬೋಳಾದದ್ದು ಎಲ್ಲ ಆಕ್ಲೆಂಡಿನಲ್ಲಿ. ಆಗಸ್ಟಿನಲ್ಲಿ ಬಂದಿಳಿದ. ಪ್ರವಾಸಿಗರಿಗೆ ನಾಲ್ಕು ಗುಡಿಸಲು ಕಟ್ಟುತ್ತಾನಂತೆ, ಸಮುದ್ರ ಕಾಣುವ ಜಾಗ ಬೇಕಂತೆ. ಸಮುದ್ರ ಕಾಣುವ ಜಾಗ ಅಂದರೆ ನನ್ನ ಮನೆ.

ಏನು ಅಳೆಯುತ್ತಿದ್ದೀಯ ಅಂತ ಕೇಳಿದೆ.

"ಅಕ್ಕ, ಸಿಟ್ಟಾಗ್ಬೇಡ. ನೀನು ಟೆಪೇರು ಅತ್ತೆ ಹೆತ್ತ ಮಗಳಲ್ಲ ಅಂತ ನಮ್ಮಪ್ಪ ಸಾಯೋ ಮುಂಚೆ ಹೇಳಿದ್ದ. ನೀನು ಸಾಕುಮಗು. ಮುಂದಿನ ತಿಂಗಳು ಭೂ ನ್ಯಾಯಾಲಯ ಕೂರತ್ತಲ್ಲ, ಅಲ್ಲಿ ಕೇಳೋಣ ಅಂತ ಅಷ್ಟೆ."

ಅಷ್ಟೆಯಂತೆ. ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳಾದರೆ ಈ ನೆಲ ನನ್ನದು, ಯಾರಪ್ಪನೂ ಅಲುಗಾಡಿಸುವಂತಿಲ್ಲ. ಸಾಕುಮಗುವಾದರೆ ತಾನಾಗಿ ಹಕ್ಕಿಲ್ಲ, ರಕ್ತದವರಲ್ಲಿ ಪ್ರತಿ ಕವಲಿನ ಹಿರಿಯರೂ ಒಪ್ಪಿ ರುಜು ಹಾಕಬೇಕು. ಹಿರಿಯರು ಅಂದರೆ ಈಗ ಉಳಿದಿರುವುದು ಇಬ್ಬರೇ. ತೊಂಬತ್ತರ ಮೀ ಚಿಕ್ಕಮ್ಮ, ಈ ತೌತು. ಇವನು ಒಪ್ಪುವುದೂ ಒಂದೇ, ಗೊರವಂಕ ಹಾಡುವುದೂ ಒಂದೇ. ಎಪ್ಪತ್ತೆರಡನೆಯ ವಯಸ್ಸಿಗೆ ನಾನು ಚಾಪೆ ಸುತ್ತಿಕೊಂಡು ಯಾರ ಮನೆಯ ಹಿಂದೆ ಹೋಗಿ ಮಲಗಲಿ? ಗಂಡ ಇದ್ದಿದ್ದರೆ ಅನ್ನುವ ಹಾಗೂ ಇಲ್ಲ. ಅವನು 1979ರಲ್ಲಿ ಕೋಟು ಕೊಳ್ಳಲು ಆಕ್ಲೆಂಡಿಗೆ ಹೋದ. ಇನ್ನೂ ಅಳತೆಯ ಕೋಟು ಸಿಕ್ಕಿಲ್ಲ.

ಅಂಗಳದ ಆನೆಗುಲಗಂಜಿ ಮರ ತೋರಿಸಿದೆ. ನನ್ನ ಹೊಕ್ಕುಳಬಳ್ಳಿ ಅದರ ಬುಡದಲ್ಲಿದೆ, ಅಮ್ಮನೇ ಹೂಳಿದ್ದು, ಊರಿಗೆಲ್ಲ ಗೊತ್ತು. ಮಗು ಹುಟ್ಟಿ ಬಳ್ಳಿ ಉದುರಿದ ವಾರದಲ್ಲೇ ಹೂತು ಮೇಲೆ ಗಿಡ ನೆಡುವುದು. ಎಲ್ಲಿ ಹೂತಿದೆಯೋ ಅಲ್ಲಿ ಹುಟ್ಟಿದವಳು ನಾನು. ನ್ಯಾಯಾಧೀಶನಿಗೂ ಇದನ್ನೇ ಹೇಳುತ್ತೇನೆ ಅಂದೆ. ತೌತು ಮರವನ್ನು ಬುಡದಿಂದ ತುದಿಯವರೆಗೆ ನೋಡಿದ. ಹಗ್ಗ ಸುತ್ತಿಕೊಂಡು ಹೋದ.

ಗುರುವಾರ, 12 ಅಕ್ಟೋಬರ್

ಇಯೋತಿಯಾ ಇವತ್ತು ನನ್ನ ಅಂಗಳಕ್ಕೇ ಬಂದ. ಆನೆಗುಲಗಂಜಿ ನೋಡಿ ನಾಲಿಗೆ ಲೊಚಗುಟ್ಟಿದ. ಈ ಮರದ ಬೀಜ ಬಿದ್ದ ಕಡೆಯೆಲ್ಲ ಎದ್ದು ಬೇರೆ ಯಾವುದನ್ನೂ ಬೆಳೆಯಗೊಡುವುದಿಲ್ಲ, ಗುಡ್ಡದ ಹಿಂದೆ ಇದೇ ತುಂಬಿದೆ, ಇದು ಎಲ್ಲದರ ತಾಯಿಮರ ಇರಬೇಕು ಅಂದ. ಕೆಂಪು ಚುಕ್ಕಿ ಇಟ್ಟ. ಕೆಂಪು ಬೀಜದ ಮರಕ್ಕೆ ಕೆಂಪು ಚುಕ್ಕಿ. ಇಲಾಖೆಯವರಿಗೆ ಬಣ್ಣಕ್ಕೂ ಬಡತನ.

ಇದರ ಕೆಳಗೆ ಕೊಡಲಿ ತಂದರೆ ಆ ಕೊಡಲಿಗೂ ನಿನ್ನ ಕಾಲಿಗೂ ಪರಿಚಯ ಮಾಡಿಸುತ್ತೇನೆ ಅಂತ ಹೇಳಿದೆ. ಅದು ಆಮೇಲಿನ ಮಾತು ದೊಡ್ಡಮ್ಮ, ಈಗ ಜಾತಕ ಹೇಳಿ ಅಂದ.

ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ, ನನ್ನ ಬಾಯಿಗೆ ಬೆಂಕಿ ಬೀಳ. ಇದು ಚರ್ಚಿನ ಗಂಟೆಯ ಜೊತೆ ಬಂದ ಮರ. ಗಂಟೆ ತಂದ ಹಾಯಿಹಡಗಿನಲ್ಲೇ ಬಿಸ್ಕತ್ತಿನ ಡಬ್ಬಿಯೊಳಗೆ ಸಸಿ ಬಂತು, ಅಮ್ಮ ದಕ್ಕೆಯಿಂದ ಅದನ್ನು ಎದೆಗವಚಿಕೊಂಡು ತಂದು ನೆಟ್ಟಳು. ಅಮ್ಮ ಇದನ್ನು ನೂರು ಸಲ ಹೇಳಿದ್ದಳು. ಅದಕ್ಕೂ ಮೊದಲು ಈ ದ್ವೀಪದಲ್ಲಿ ಈ ಮರ ಒಂದೂ ಇರಲಿಲ್ಲ.

ಗಂಟೆ ಯಾವ ವರ್ಷದ್ದು ಅಂತ ಕೇಳಿದ. ನನಗೇನು ಗೊತ್ತು, ನಾನು ಹುಟ್ಟುವ ಮೊದಲಿಂದ ಇದ್ದದ್ದು ಅಂದೆ. ಅವನ ಹಡಗಿನ ಪಟ್ಟಿಯಲ್ಲಿ ಅದು ಇಲ್ಲ. ನಾಳೆ ಗೋಪುರ ಹತ್ತಿ ನೋಡುತ್ತಾನಂತೆ, ಗಂಟೆಯ ಮೇಲೆ ಇಸವಿ ಎರಕ ಹೊಯ್ದಿರುತ್ತಾರಂತೆ. ಆ ಏಣಿ ಇವನ ಭಾರ ತಡೆದರೆ ಅದೇ ದೊಡ್ಡ ಪವಾಡ.

ಶುಕ್ರವಾರ, 13 ಅಕ್ಟೋಬರ್

ಏಣಿ ತಡೆಯಿತು.

ಗಂಟೆಯ ಮೇಲೆ 1954 ಇದೆ.

ನಾನು ಹುಟ್ಟಿದ್ದು ಜನವರಿ 1951. ಅಮ್ಮನ ಬೈಬಲಿನ ಹಿಂದಿನ ಹಾಳೆಯಲ್ಲಿ ಅಮ್ಮನ ಕೈಬರಹದಲ್ಲೇ ಇದೆ.

ಇಯೋತಿಯಾ ಮೇಲಿನಿಂದ ಕೂಗಿ ಹೇಳಿದ. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ನನಗೆ ಕೂಡಿಸಿ ಕಳೆಯಲು ನಾಲ್ಕನೇ ಇಯತ್ತೆ ಸಾಲುತ್ತದೆ. ಮೂರು ವರ್ಷದ ಮಗುವಿನ ಹೊಕ್ಕುಳಬಳ್ಳಿಯನ್ನು ಯಾವ ತಾಯಿ ಅಲ್ಲಿಯವರೆಗೆ ಹೂಳದೆ ಇಟ್ಟಿರುತ್ತಾಳೆ? ಹೆತ್ತವಳು ಯಾರೂ ಇಡುವುದಿಲ್ಲ.

ಅವನು ಇಳಿದು ಬಂದಾಗ ಹೇಳಿದೆ, ನನ್ನ ನೆನಪು ತಪ್ಪಿತು, ಮರ ಗಂಟೆಗಿಂತ ಮೊದಲೇ ಬಂದದ್ದು, 1950 ಅಂತ ಹಾಕು. ಅವನು ನನ್ನ ಮುಖ ನೋಡಿದ. ಈ ಊರಿಗೆ ಬಂದಾಗಿನಿಂದ ನಾನು ತಪ್ಪಿತು ಅನ್ನುವುದನ್ನು ಅವನು ಕೇಳಿರಲಿಲ್ಲ.

"ನೀವು ಹೇಳಿದ್ದನ್ನೇ ಬರೀತೀನಿ ದೊಡ್ಡಮ್ಮ. ಪಕ್ಕದಲ್ಲಿ ನಿಮ್ಮ ಹೆಸರಿರತ್ತೆ ಅಷ್ಟೆ."

ಬರೆದ.

ಭಾನುವಾರ, 15 ಅಕ್ಟೋಬರ್

ಗಂಟೆ ಮೂರು ಸಲ ಬಾರಿಸಿದರು. ಮೂರೂ ಸಲ ನನ್ನ ಬುರುಡೆಗೇ ಬಾರಿಸಿದ ಹಾಗಿತ್ತು. ಪಾದ್ರಿಯನ್ನು ಏನೋ ಕೇಳಬೇಕು ಅಂದುಕೊಂಡಿದ್ದೆ, ಮರೆತೆ.

ಮಂಗಳವಾರ, 17 ಅಕ್ಟೋಬರ್

ಮೀ ಚಿಕ್ಕಮ್ಮನ ಮನೆಗೆ ಹೋದೆ. ಅಮ್ಮನ ತಂಗಿ. ತೊಂಬತ್ತಾದರೂ ಹಲ್ಲಿದೆ, ಕಿವಿ ಇಲ್ಲ. ಅವಳ ಕಿವಿಗೆ ಗುಟ್ಟು ಹೇಳುವುದೂ ಊರಿಗೆ ಡಂಗುರ ಹೊಡೆಯುವುದೂ ಒಂದೇ. ಅದಕ್ಕೆ ಸೊಸೆಯಂದಿರೆಲ್ಲ ಚರ್ಚು ಗುಡಿಸಲು ಹೋಗುವುದನ್ನು ಕಾದು ಹೋದೆ. ನ್ಯಾಯಾಲಯದಲ್ಲಿ ಮರ 1950ರದ್ದು ಅಂತ ನನ್ನ ಪರವಾಗಿ ಒಂದು ಮಾತು ಹೇಳು ಅಂತ ಕಿರುಚಿದೆ.

ಅವಳು ಹೊದಿಕೆಗೆ ಬಟ್ಟೆಯ ಹೂ ಹೊಲಿಯುವುದನ್ನು ನಿಲ್ಲಿಸಲಿಲ್ಲ.

"ಹೇಳ್ತೀನಿ ಬಿಡು. ನಿಮ್ಮಮ್ಮನಿಗೋಸ್ಕರ ಇನ್ನೂ ದೊಡ್ಡ ಸುಳ್ಳು ಹೇಳಿದ್ದೀನಿ. ನೀನೇ ಆ ಸುಳ್ಳು."

ಆಮೇಲೆ ಸೂಜಿ ಆಡಿಸುತ್ತಲೇ ಎಲ್ಲ ಹೇಳಿದಳು. ಗಂಟೆ ನೋಡಲೆಂದು ಅವಳೂ ಅಮ್ಮನೂ ದಕ್ಕೆಗೆ ಹೋಗಿದ್ದರು. ಹಡಗು ಉತ್ತರದಿಂದ ಬಂದಿತ್ತು. ಡೆಕ್ಕಿನ ಮೇಲೆ ಒಬ್ಬಳು ಕಾಯಿಲೆಯ ಹೆಂಗಸು, ರಾರೋಟೊಂಗಾದ ಆಸ್ಪತ್ರೆಗೆ ಹೊರಟವಳು, ಕೆಮ್ಮಿದರೆ ಮೈಯೆಲ್ಲ ಕುಲುಕುತ್ತಿತ್ತು. ಪಕ್ಕದಲ್ಲಿ ಮೂರು ವರ್ಷದ ಹುಡುಗಿ. ದಾರಿಯುದ್ದಕ್ಕೂ ವಾಂತಿ ಮಾಡಿ ಅತ್ತು ಕಪ್ತಾನನ ತಲೆ ತಿಂದಿತ್ತಂತೆ. ಸುಮ್ಮನಿರಲಿ ಅಂತ ಅವನು ತನ್ನ ಸಸಿಯ ಡಬ್ಬಿಯನ್ನು ಅದರ ಕೈಗೆ ಕೊಟ್ಟಿದ್ದ.

"ನಿಮ್ಮಮ್ಮನ ಕಣ್ಣು ಬಿದ್ದಿದ್ದು ಸಸಿ ಮೇಲೆ ಕಣೇ. ಕೆಂಪು ಬೀಜದ ಹಾರ ಅಂದ್ರೆ ಅವಳಿಗೆ ಪ್ರಾಣ. ಡಬ್ಬಿ ಕೇಳಿದ್ಲು, ನೀನು ಬಿಡ್ಲಿಲ್ಲ. ಎಳೆದ್ಲು, ಕಚ್ಚಿದೆ. ಆ ಹೆಂಗಸು ಅಂದ್ಲು, ಎರಡನ್ನೂ ಎತ್ಕೊಂಡೋಗಮ್ಮ, ವಾಪಸ್ ಬರುವಾಗ ಮಗು ಕರ್ಕೊಂಡೋಗ್ತೀನಿ, ಡಬ್ಬಿ ನೀನೇ ಇಟ್ಕೋ ಅಂತ. ಬಟ್ಟೆ ತುದಿಯ ಗಂಟಿನಿಂದ ಒಣಗಿದ ಹೊಕ್ಕುಳಬಳ್ಳಿ ತೆಗೆದು ಕೊಟ್ಲು. ಅವಳ ಊರಲ್ಲಿ ಹೂಳೋಕೆ ಮಣ್ಣೆಲ್ಲಿತ್ತು? ಬರೀ ಹವಳದ ಪುಡಿ. ಒಳ್ಳೇ ಮಣ್ಣಲ್ಲಿಡು ಅಂದ್ಲು."

ಅವಳು ವಾಪಸು ಬರಲಿಲ್ಲ. ಮೊದಲ ವರ್ಷ ಅಮ್ಮ ಪ್ರತಿ ಹಡಗಿಗೂ ದಕ್ಕೆಗೆ ಹೋಗುತ್ತಿದ್ದಳಂತೆ. ಬರಲಿ ಅಂತಲೋ, ಬಾರದಿರಲಿ ಅಂತಲೋ ಚಿಕ್ಕಮ್ಮ ಕೇಳಲಿಲ್ಲವಂತೆ. ಆ ದಿನ ದಕ್ಕೆಯಲ್ಲಿದ್ದವರಲ್ಲಿ ಈಗ ಅವಳೊಬ್ಬಳೇ ಉಳಿದಿದ್ದಾಳೆ.

ಯಾವ ಊರು ಅಂತ ಕಿರುಚಿದೆ.

"ಮಣಿಹಿಕಿ. ಯಾಕೆ?"

ಯಾಕೂ ಇಲ್ಲ ಅಂದೆ.

ಬುಧವಾರ, 18 ಅಕ್ಟೋಬರ್

ಇಯೋತಿಯಾನ ಜೊತೆ ಹೋಗಲಿಲ್ಲ. ಮಂಡಿ ನೋವು ಅಂತ ಹೇಳಿ ಕಳಿಸಿದೆ. ಮಂಡಿ ಚೆನ್ನಾಗಿದೆ.

ಮರದ ಕೆಳಗೆ ಬೀಜ ಗುಡಿಸಿದೆ. ಒಂದು ಬುಟ್ಟಿ ಆಯಿತು. ಬೇಲಿಯ ಹತ್ತಿರ ಎದ್ದಿದ್ದ ಮರಿಗಳನ್ನು ಎಣಿಸಿದೆ, ನಲವತ್ತು. ಕೀಳಲು ಬಗ್ಗಿದೆ. ಬಿಸಿಲು ಜಾಸ್ತಿಯಾಗಿತ್ತು, ಬಿಟ್ಟೆ.

ಬ್ರೆಡ್ಡಿನ ಅಂಚು ಗಟ್ಟಿಯಾಗಿತ್ತು, ಅಂಗಳಕ್ಕೆ ಎಸೆದೆ. ಗೊರವಂಕ ತಿಂದಿತು. ಚಪ್ಪಲಿ ಕಾಲಲ್ಲೇ ಇತ್ತು, ತೆಗೆಯಲು ಬೇಜಾರು.

ಶುಕ್ರವಾರ, 20 ಅಕ್ಟೋಬರ್

ಊರಿಗೆ ಸಂಬಂಧಪಟ್ಟ ಯಾವ ಪಟ್ಟಿಯೇ ಆದರೂ ಸಭಾಭವನದಲ್ಲಿ ಗಟ್ಟಿಯಾಗಿ ಓದಬೇಕು. ತಪ್ಪು ಕಂಡವರು ಎದ್ದು ಹೇಳಬೇಕು. ಯಾರೂ ಏಳದಿದ್ದರೆ ಊರು ಒಪ್ಪಿದ ಹಾಗೆ, ಆಮೇಲೆ ಯಾರೂ ಬಾಯಿ ತೆಗೆಯುವಂತಿಲ್ಲ. ಇಯೋತಿಯಾನ ಪಟ್ಟಿಯನ್ನೂ ಇವತ್ತು ಹಾಗೇ ಓದಿದರು. ಮೊದಲು ಪ್ರಾರ್ಥನೆ, ಆಮೇಲೆ ಡಬ್ಬಿ ಮಾಂಸ, ಆಮೇಲೆ ಕಳೆಗಿಡ.

ನನ್ನ ಲೆಕ್ಕ ಸರಿಯಾಗಿತ್ತು. ಸುಮ್ಮನೆ ಕೂರುವುದು. ಆನೆಗುಲಗಂಜಿ 1950 ಅಂತ ಅವನು ಓದುತ್ತಾನೆ, ಯಾರೂ ಏಳುವುದಿಲ್ಲ, ಊರು ಒಪ್ಪುತ್ತದೆ. ನ್ಯಾಯಾಧೀಶನಿಗೆ ಊರು ಒಪ್ಪಿದ ಕಾಗದ, ಚಿಕ್ಕಮ್ಮನ ಸಾಕ್ಷಿ. ಮನೆ ಉಳಿಯುತ್ತದೆ. ಜೀವನದಲ್ಲಿ ಒಂದು ದಿನ, ಒಂದೇ ಒಂದು ದಿನ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಆನೆಗುಲಗಂಜಿ ಓದಿದ. ಯಾರೂ ಏಳಲಿಲ್ಲ. ಒಬ್ಬ ಆಕಳಿಸಿದ. ಮುಗಿದೇ ಹೋಯಿತು ಅಂತ ನಾನು ಉಸಿರು ಬಿಟ್ಟೆ.

ಎರಡು ಹೆಸರು ಆದ ಮೇಲೆ ಲಂಟಾನ ಬಂತು. ತಂದವರ ಹೆಸರು ಓದುತ್ತಿದ್ದ ಹಾಗೇ ಎದ್ದವನು ತೌತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಕೋಟಿನ ಹೆಗಲು ಒರೆಸಿಕೊಂಡ. ನಮ್ಮಪ್ಪ ಲಂಟಾನ ತಂದದ್ದೇ ಇಲ್ಲ, ಹಳೆಯ ಪಾದ್ರಿಯ ಹೆಂಡತಿ ತಂದದ್ದು, ಸತ್ತವರ ಹೆಸರಿಗೆ ಕಳೆ ಅಂಟಿಸಬೇಡಿ ಅಂದ.

ನಾನು ಎದ್ದೆ. ಎದ್ದದ್ದು ನನಗೇ ಗೊತ್ತಾಗಲಿಲ್ಲ, ಬೆಂಚು ಕಿರುಗುಟ್ಟಿದ್ದು ಕೇಳಿ ಗೊತ್ತಾಯಿತು. ನಿಮ್ಮಪ್ಪನೇ ತಂದದ್ದು, ಟೋಪಿಯೊಳಗೆ ತಂದದ್ದು, ಆ ಟೋಪಿಯ ಬಣ್ಣ ಬೇಕಾದರೂ ಹೇಳುತ್ತೇನೆ ಅಂದೆ.

"ಅಕ್ಕ ಹೇಳಿದ್ದೆಲ್ಲ ವೇದವಾಕ್ಯವಾ? ಇದರಲ್ಲಿ ಅರ್ಧಕ್ಕರ್ಧ ಅವಳ ಬಾಯಿಗೆ ಬಂದದ್ದು. ಒಂದು ಸುಳ್ಳಿದ್ರೆ ನೂರಿರತ್ತೆ."

ಜನ ನಕ್ಕರು. ನನ್ನ ತಲೆಗೆ ಏನೋ ಏರಿತು.

"ಈ ಪಟ್ಟೀಲಿ ನೂರಾ ಹನ್ನೊಂದು ಹೆಸರಿದೆ. ಸುಳ್ಳಿರೋದು ಒಂದೇ. ಅದು ನನ್ನ ಮರದ್ದು. ಅದು ಬಂದದ್ದು ಐವತ್ತನಾಲ್ಕರಲ್ಲಿ, ಗಂಟೆ ಬಂದ ಹಡಗಿನಲ್ಲಿ, ನಾನೂ ಅದೇ ಹಡಗಿನಲ್ಲೇ ಬಂದೆ. ಬರ್ಕೋ ಇಯೋತಿಯಾ. ಮಿಕ್ಕ ನೂರಾ ಹತ್ತೂ ನಿಜ. ನಿಮ್ಮಪ್ಪನ ಲಂಟಾನವೂ ನಿಜ."

ಲಂಟಾನದ ವಾದದಲ್ಲಿ ನಾನು ಗೆದ್ದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ತೌತು ಬಾಯಿ ತೆರೆದುಕೊಂಡು ನಿಂತ. ಅವನ ಮುಖದಲ್ಲಿ ಸಂತೋಷ ನಿಧಾನವಾಗಿ ಹರಡಿತು, ಬಿಸಿಲಿಗೆ ಇಟ್ಟ ಕೊಬ್ಬಿನ ಹಾಗೆ. ಹಾಗಾದರೆ ಸಾಕುಮಗು ಅಂತ ಒಪ್ಪಿದ ಹಾಗಾಯಿತು, ನಾನಂತೂ ರುಜು ಹಾಕುವವನಲ್ಲ ಅಂದ.

ಮೀ ಚಿಕ್ಕಮ್ಮನನ್ನು ಕುರ್ಚಿಯಲ್ಲಿ ಎತ್ತಿಕೊಂಡು ಬಂದಿದ್ದರು. ಏನಂದಳು, ಏನಂದಳು ಅಂತ ಕೂಗುತ್ತಿದ್ದಳು. ಯಾರೋ ಕಿವಿಯಲ್ಲಿ ಕಿರುಚಿದರು. ಅವಳು ಕೋಲಿನಿಂದ ತೌತುವನ್ನು ಕರೆದಳು.

"ಇವಳ ಬಳ್ಳಿ ಆ ಮರದ ಕೆಳಗಿದೆ. ನಾನೇ ಗುಂಡಿ ತೋಡಿದ್ದು, ನಮ್ಮಕ್ಕ ಇಟ್ಟಿದ್ದು. ನಿನ್ನದೆಲ್ಲಿದೆಯೋ?"

"ನಂದೇ? ನಾನು ಆಸ್ಪತ್ರೇಲಿ ಹುಟ್ಟಿದ್ದು ಅತ್ತೆ. ಆಕ್ಲೆಂಡಲ್ಲಿ." ಅವಳ ಕಿವಿಗೆ ಬಾಗಿ ಕೂಗಿದ.

"ಅದು ಗೊತ್ತು. ಬಳ್ಳಿ ಯಾವ ಮರದ ಕೆಳಗಿದೆ?"

ತೌತು ಬೋಳು ತಲೆ ಸವರಿಕೊಂಡ. ಅವನಿಗೆ ಉತ್ತರ ಗೊತ್ತಿಲ್ಲ ಅಂತ ಇಡೀ ಸಭೆಗೆ ಗೊತ್ತಾಯಿತು. ಹಿಂದಿನ ಬೆಂಚಿನಿಂದ ಯಾರೋ ಕಸದ ಡಬ್ಬಿ ಅಂದರು, ಇನ್ನು ಯಾರೋ ಕಿಸಕ್ಕಂದರು. ನಾನು ನಗಲಿಲ್ಲ. ನಗಬೇಕಿತ್ತು.

ಭಾನುವಾರ, 22 ಅಕ್ಟೋಬರ್

ನಾಲಿಗೆಯೇ, ಆ ಮೇಷ್ಟರ ಕೈ ಕಚ್ಚುವ ಬದಲು ಅವತ್ತು ನಿನ್ನನ್ನೇ ಕಚ್ಚಿಕೊಳ್ಳಬೇಕಿತ್ತು.

ಪೆಟ್ಟಿಗೆಯಲ್ಲಿ ಏನೇನಿದೆ ನೋಡಿದೆ. ಚಾಪೆ ಎರಡು, ಬೈಬಲು, ಅಮ್ಮನ ಟೋಪಿ, ಮದುವೆಯ ಹೊದಿಕೆ. ಹೊರುವುದಕ್ಕೆ ಭಾರವಿಲ್ಲ.

ಬುಧವಾರ, 25 ಅಕ್ಟೋಬರ್

ತೌತು ಬಂದ. ಹಗ್ಗ ತಂದಿರಲಿಲ್ಲ. ಮೀನು ತಂದಿದ್ದ. ನಾನು ಮೀನು ಇಸಿದುಕೊಂಡೆ, ಕೂರು ಅನ್ನಲಿಲ್ಲ. ಅವನೇ ಮರದ ಕೆಳಗೆ ಕೂತ.

ಬೀಜ ಹೆಕ್ಕುತ್ತ ಮಾತು ತೆಗೆದ. ಮಗಳು ಏಳು ತಿಂಗಳ ಬಸುರಿಯಂತೆ. ಆಕ್ಲೆಂಡಿನಲ್ಲೇ ಇದ್ದಾಳೆ. ಶುಕ್ರವಾರ ಸಭೆಯಿಂದ ಹೋಗಿ ಅವಳಿಗೆ ಫೋನು ಮಾಡಿ, ಬಳ್ಳಿ ಎಸೆಯಬೇಡಿ ಅಂತ ಆಸ್ಪತ್ರೆಯವರಿಗೆ ಹೇಳು ಅಂದನಂತೆ. ಅಪ್ಪನಿಗೆ ಬಿಸಿಲು ಬಡಿದಿದೆ ಅಂದಳಂತೆ ಅವಳು.

"ಇಲ್ಲಿ ತಂದು ಹೂಳ್ಬಹುದಾ ಅಕ್ಕ? ಈ ಮರದ ಹತ್ರ. ನೀನು ಬೇಡ ಅಂದ್ರೆ ಬೇಡ."

ಅರವತ್ತು ವರ್ಷದ ಗಂಡಸು, ಬೋಳು ತಲೆ, ಶಾಲೆಯ ಹುಡುಗನ ಹಾಗೆ ನೆಲ ನೋಡುತ್ತಿದ್ದ. ಬೈಗುಳ ನಾಲಿಗೆಯ ತುದಿಗೆ ಬಂತು. ಬಂದದ್ದು ಅಲ್ಲೇ ಕೂತುಕೊಂಡಿತು.

ಈ ಮರದ ಕೆಳಗೆ ಜಾಗವಿಲ್ಲ, ಇದಕ್ಕೆ ಕೆಂಪು ಚುಕ್ಕಿ ಬಿದ್ದಿದೆ, ಆಚೆ ಮೂಲೆಯಲ್ಲಿ ಬೇರೆ ನೆಡು, ಯಾವುದು ನೆಡಬಹುದು ಅಂತ ಇಯೋತಿಯಾನನ್ನು ಕೇಳು ಅಂದೆ. ಮತ್ತೆ ಲಂಟಾನ ನೆಟ್ಟೀಯೆ ಅಂತಲೂ ಅಂದೆ.

ಆಗ ಜೇಬಿನಿಂದ ನೆಲದ ಒಪ್ಪಿಗೆಯ ಕಾಗದ ತೆಗೆದ. ಮೀ ಚಿಕ್ಕಮ್ಮನ ರುಜು ಆಗಲೇ ಇತ್ತು, ಅಕ್ಷರ ಏಡಿ ನಡೆದ ಹಾಗಿತ್ತು. ಕೆಳಗೆ ಇವನದ್ದೂ. ಗುಡಿಸಲು ಎಲ್ಲಿ ಕಟ್ಟುತ್ತೀಯ ಅಂತ ಕೇಳಿದೆ. ಅಪ್ಪನ ಬೇಲಿ ಇದ್ದ ಜಾಗದಲ್ಲಿ, ಮೊದಲು ಆ ದರಿದ್ರ ಲಂಟಾನ ಕೀಳಬೇಕು ಅಂದ.

ಮೀನು ಹುರಿದೆ. ಇಬ್ಬರಿಗೂ ಆಗುವಷ್ಟಿತ್ತು.

ಶುಕ್ರವಾರ, 27 ಅಕ್ಟೋಬರ್

ಇಯೋತಿಯಾ ಮಧ್ಯಾಹ್ನದ ವಿಮಾನಕ್ಕೆ ಹೊರಟ. ಊರು ಬಿಡುವವರ ಕೊರಳಿಗೆ ಹಾರ ಹಾಕದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹಾಕಿದ್ದನ್ನು ತೆಗೆಯುವ ಪದ್ಧತಿಯೂ ಇಲ್ಲ. ಕೆಂಪು ಬೀಜದ ಹಾರ ಹಾಕಿದೆ. ಅವನ ಮುಖ ಬಿಳುಚಿಕೊಂಡಿತು.

"ದೊಡ್ಡಮ್ಮ, ಇದೇ ಬೀಜ ದ್ವೀಪ ದಾಟಬಾರದು ಅಂತ ನಾನೇ ಬರೆದಿದ್ದೀನಿ."

"ಬೆಳಿಗ್ಗೆಯಿಂದ ಕುದಿಸಿದ್ದೀನಿ ಕಣೋ. ಇನ್ನು ಅದರಲ್ಲಿ ಏನೂ ಹುಟ್ಟಲ್ಲ, ನನ್ನ ಹಾಗೇ."

ಕೆಂಪು ಚುಕ್ಕಿ ತೆಗೆಯಲು ಆಗುವುದಿಲ್ಲವಂತೆ. ತೆಗೆ ಅಂತ ನಾನೂ ಕೇಳಲಿಲ್ಲ, ಇರುವುದು ಇದ್ದ ಹಾಗೇ ಇರಲಿ. ಗುಡ್ಡದ ಹಿಂದಿನವನ್ನೆಲ್ಲ ಕಡಿಯುತ್ತಾರೆ. ಬೇಲಿಯ ಮರಿಗಳನ್ನು ನಾನೇ ಕೀಳಬೇಕು, ಉದುರಿದ ಬೀಜ ದಿನವೂ ಗುಡಿಸಬೇಕು. ಹಾಗೆ ನೋಡಿಕೊಂಡರೆ ತಾಯಿಮರ ಸಾಯುವವರೆಗೆ ಇರಬಹುದಂತೆ. ಸಾಯುವವರೆಗೆ ಅಂದರೆ ಮರವೋ ನಾನೋ ಅಂತ ಕೇಳಿದೆ. ಯಾರು ಮೊದಲೋ ಅವರು ಅಂದ. ಮಣಿಹಿಕಿಯವರಿಗೆ ಬಾಯಿ ಸ್ವಲ್ಪ ಜಾಸ್ತಿ.

ಚಿಕ್ಕಮ್ಮ ಹೇಳಿದ್ದನ್ನೆಲ್ಲ ಅವನಿಗೂ ಹೇಳಿದೆ. ಅವನ ತಾಯಿ ಇನ್ನೂ ಇದ್ದಾಳಂತೆ. 1954ರಲ್ಲಿ ಕೆಮ್ಮುತ್ತ ಹಡಗು ಹತ್ತಿದ ಹೆಂಗಸು ಯಾರು ಅಂತ ಕೇಳಿ ಬರೆಯುತ್ತೇನೆ ಅಂದ. ಬರೆದರೆ ಬರಿ, ನನಗೇನು ಅವಸರವಿಲ್ಲ ಅಂದೆ. ವಿಳಾಸ ಸರಿಯಾಗಿ ಬರೆದುಕೊಂಡನೋ ಇಲ್ಲವೋ ಅಂತ ಎರಡು ಸಲ ನೋಡಿದೆ.

ಹೊರಡುವ ಮೊದಲು, ಮರದ ಸಾಲಿನಲ್ಲಿ 'ಬಂದದ್ದು ಹೇಗೆ' ಅನ್ನುವ ಮನೆ ಖಾಲಿ ಇದೆ, ತುಂಬಿ ಕೊಡಿ ಅಂದ. ಅವನ ಹಾಳೆಯಲ್ಲಿ ತುಂಬಿಕೊಟ್ಟೆ. ನನ್ನ ಪುಸ್ತಕದಲ್ಲೂ ಬರೆದಿಡೋಣ ಅಂತ ಈಗ ತೆಗೆದರೆ, ಮುಂದಿನಿಂದ ಬಂದ ಗಿಡಗಳೂ ಹಿಂದಿನಿಂದ ಬಂದ ಮನುಷ್ಯರೂ ಇದೇ ಹಾಳೆಗೆ ಬಂದು ನಿಂತಿದ್ದಾರೆ. ಅರ್ಧ ಪುಟ ಉಳಿದಿದೆ. ಸಾಕು.

ಹೆಸರು: ಆನೆಗುಲಗಂಜಿ.
ಬಂದ ವರ್ಷ: 1954.
ಬಂದದ್ದು ಹೇಗೆ: ಗಂಟೆ ತಂದ ಹಡಗಿನಲ್ಲಿ, ಬಿಸ್ಕತ್ತಿನ ಡಬ್ಬಿಯಲ್ಲಿ, ಮಣಿಹಿಕಿಯ ಮೂರು ವರ್ಷದ ಹುಡುಗಿಯ ಕೈಯಲ್ಲಿ. ಹುಡುಗಿ ದಾರಿಯುದ್ದಕ್ಕೂ ವಾಂತಿ ಮಾಡಿದಳು. ಸಸಿ ಮಾಡಲಿಲ್ಲ.
ಇಳಿಸಿಕೊಂಡವರು: ಟೆಪೇರು. ಬೇಕಾಗಿದ್ದದ್ದು ಒಂದು, ಎತ್ತಿಕೊಂಡದ್ದು ಎರಡು.
ಹಾವಳಿ: ಇದೆ. ಇಬ್ಬರದೂ.
ಹೇಳಿದವರು: ಆಕಾಯ್ತಿ.